ನಮೀಬಿಯಾದ ಸಾಲಿಟೇರ್: ಮರಳುಗಾಡಿನ ನಡುವಿನ ಬೇಕರಿ. ಹೋಗಿಬಂದವರು, ಹೋಗುವವರು ಬನ್ನಿ

ದಾರಿಹೋಕ_ಚಳ್ಳಕೆರೆ

ನಮೀಬಿಯಾ ಅಂದ ತಕ್ಷಣ ಎಲ್ಲರೂ ಕೇಳೋದು ಸೊಸುಸ್‌ವ್ಲೇಯ ಕೆಂಪು ಮರಳುದಿಬ್ಬಗಳ ಬಗ್ಗೆ. ಅದರ ಬಗ್ಗೆ ಈ ವೇದಿಕೆಯಲ್ಲಿ ಬೇಕಾದಷ್ಟು ಬರಹ ಇದೆ. ನಾನು ಬರೆಯೋಕೆ ಕೂತಿದ್ದು ಅಲ್ಲಿಗೆ ಹೋಗುವ ದಾರಿಯಲ್ಲಿ ಸಿಗುವ ಸಾಲಿಟೇರ್ ಬಗ್ಗೆ. ಊರು ಅಂತ ಕರೆಯೋಕೂ ಸ್ವಲ್ಪ ಯೋಚನೆ ಮಾಡಬೇಕು, ಅಷ್ಟು ಚಿಕ್ಕದು. ಒಂದು ಪೆಟ್ರೋಲ್ ಬಂಕ್, ಪಂಕ್ಚರ್ ಹಾಕುವವರು, ಒಂದು ದಿನಸಿ ಅಂಗಡಿ, ಪುಟ್ಟ ಚರ್ಚು, ರಾತ್ರಿ ಉಳಿಯೋಕೆ ಲಾಡ್ಜ್, ಮತ್ತೆ ಒಂದು ಬೇಕರಿ. ಬೇಕರಿಯ ಪಕ್ಕದಲ್ಲೇ ಕೂತು ತಿನ್ನೋಕೆ ಮೇಜು, ಬೆಂಚು. ಸಿ14, ಸಿ19 ಅನ್ನೋ ಎರಡು ರಸ್ತೆಗಳು ಕೂಡುವ ಜಾಗ ಇದು.

ಇಲ್ಲಿಂದ ದಕ್ಷಿಣಕ್ಕೆ ಸುಮಾರು 80 ಕಿ.ಮೀ. ಹೋದರೆ ಸೆಸ್ರೀಮ್, ಅಂದ್ರೆ ಸೊಸುಸ್‌ವ್ಲೇಯ ಗೇಟು. ಇನ್ನೊಂದು ಕಡೆ ಸಮುದ್ರದಂಡೆಯ ವಾಲ್ವಿಸ್ ಬೇ ಸುಮಾರು 230 ಕಿ.ಮೀ. ಆ 230 ಕಿ.ಮೀ.ನಲ್ಲಿ ನಡುವೆ ಬೇರೆ ಬಂಕ್ ಇಲ್ಲ. ಸಾಲಿಟೇರ್ ಇವತ್ತಿಗೂ ಬದುಕಿರೋದು ಈ ಒಂದು ಕಾರಣಕ್ಕೆ. ಎಲ್ಲ ಗಾಡಿಯೂ ಇಲ್ಲಿ ನಿಲ್ಲಲೇಬೇಕು.

ಟೂರ್ ಕಂಪನಿಗಳು ಇಲ್ಲಿಗೆ ಕೊಡೋದು ಹದಿನೈದು ನಿಮಿಷ. ಟಾಯ್ಲೆಟ್ಟಿಗೆ ಹೋಗು, ಒಂದು ಆಪಲ್ ಪೈ ತಗೋ, ಹೊರಗೆ ನಿಂತಿರುವ ತುಕ್ಕು ಹಿಡಿದ ಹಳೇ ಕಾರುಗಳ ಮುಂದೆ ಫೋಟೋ ತೆಗಿ, ಹೊರಡು. ಇದು ನನಗೆ ನಿಜವಾಗಿ ಬೇಜಾರು. ನನ್ನ ಮಾತು ಇಷ್ಟೇ: ನಿಮ್ಮ ಪ್ಲ್ಯಾನಿನಲ್ಲಿ ಸಾಲಿಟೇರಿಗೆ ಅಂತಲೇ ಒಂದೂವರೆ ಗಂಟೆ ಇಡಿ. ಬೇರೆ ಏನನ್ನಾದ್ರೂ ಬಿಟ್ಟಾದ್ರೂ ಇಡಿ.

ಈಗ ಪೈ ಬಗ್ಗೆ. ಚಿತ್ರದಲ್ಲಿ ನೋಡುವಂಥ ದುಂಡನೆಯ, ಮೇಲೆ ಮುಚ್ಚಳ ಇರುವ ಪೈ ಅಲ್ಲ ಅದು. ದೊಡ್ಡ ಚೌಕದ ತಟ್ಟೆಯಲ್ಲಿ ಬೇಯಿಸಿ ಇಟ್ಟಿರ್ತಾರೆ. ಕೆಳಗೆ ಹಿಟ್ಟಿನ ತಳ, ಮಧ್ಯೆ ದಪ್ಪಗೆ ಸೇಬು, ಮೇಲೆ ಬೆಣ್ಣೆ, ಹಿಟ್ಟು, ಸಕ್ಕರೆ ಬೆರೆಸಿ ಉದುರಿಸಿದ ಪುಡಿಪುಡಿ ಪದರ. ಜರ್ಮನ್ನರ ಮನೆಗಳಲ್ಲಿ ಮಾಡುವ ಬಗೆ. ಕೌಂಟರಿನ ಹುಡುಗಿ ಅಗಲವಾದ ಚಾಕು ಇಳಿಸಿ, ಇಟ್ಟಿಗೆಯಷ್ಟು ದಪ್ಪದ ತುಂಡು ಎತ್ತಿ ಕೊಡ್ತಾಳೆ. ಚಾಕು ಮೇಲಿನ ಪದರಕ್ಕೆ ತಾಗಿದಾಗ ಕರಕ್ ಅನ್ನುತ್ತೆ, ಸೇಬಿಗೆ ಇಳಿದಾಗ ಸದ್ದೇ ಇರಲ್ಲ. ಸೇಬು ಕರಗಿ ಜಾಮ್ ಆಗಿರೋದಿಲ್ಲ, ಹಲ್ಲಿಗೆ ಸಿಗುತ್ತೆ. ದಾಲ್ಚಿನ್ನಿ ಘಮ ಬಾಗಿಲ ಹತ್ತಿರಾನೇ ಬರುತ್ತೆ. ಹೊರಗೆ ಕೂತು ತಿಂದರೆ ಉದುರಿದ ಚೂರಿಗೆ ಗುಬ್ಬಿಗಳು ಮೇಜಿನ ಮೇಲೇ ಬರ್ತಾವೆ.

ಹೋಗಿಬಂದವರು ಬರೀರಿ. ಹೋಗುವವರು ಏನು ಬೇಕಾದ್ರೂ ಕೇಳಿ.

ಕ್ಯಾಮೆರಾ_ಕಣ್ಣು

ನಾನೂ ಹೋಗಿದ್ದೆ. ನನಗೆ ಅಷ್ಟೊಂದು ಅನ್ನಿಸಲಿಲ್ಲ ಸರ್. ಪೈ ಚೆನ್ನಾಗಿದೆ, ಒಪ್ತೀನಿ. ಆದ್ರೆ ಎಲ್ಲ ಪ್ರವಾಸಿ ಪುಸ್ತಕದಲ್ಲೂ ಅದೇ ಹೊಗಳಿಕೆ ಓದಿ ಹೋದವರಿಗೆ ಅಲ್ಲಿ ಸಿಗೋದು ಕ್ಯೂ, ಬಸ್ಸು, ಧೂಳು. ಮೂಸ್ ಮೆಕ್‌ಗ್ರೆಗರ್ ಇದ್ದಾಗಿನ ಜಾಗವೇ ಬೇರೆ ಅಂತ ಹಳಬರು ಹೇಳ್ತಾರೆ. ಅವರು 2014ರಲ್ಲಿ ತೀರಿಕೊಂಡ ಮೇಲೆ ಅದು ಬರೀ ಹೆಸರಿನ ಮೇಲೆ ನಡೀತಿದೆ ಅನ್ನೋದು ನನ್ನ ಅಭಿಪ್ರಾಯ. ಕಾರುಗಳ ಫೋಟೋ ಮಾತ್ರ ಅದ್ಭುತವಾಗಿ ಬರುತ್ತೆ. ಸಂಜೆಯ ಓರೆ ಬೆಳಕಿನಲ್ಲಿ ತುಕ್ಕಿನ ಬಣ್ಣ, ಹಿಂದೆ ಕಳ್ಳಿಗಿಡ, ಅದರ ಹಿಂದೆ ಖಾಲಿ ಬಯಲು.

ದಾರಿಹೋಕ_ಚಳ್ಳಕೆರೆ

ಮೂಸ್ ಅವರ ಬಗ್ಗೆ ಗೊತ್ತಿಲ್ಲದವರಿಗೆ: ಪೂರ್ತಿ ಹೆಸರು ಪರ್ಸಿ ಕ್ರಾಸ್ ಮೆಕ್‌ಗ್ರೆಗರ್. ಈ ಬೇಕರಿಯನ್ನು ಜಗತ್ತಿಗೆ ಪರಿಚಯ ಮಾಡಿಸಿದ್ದು ಅವರು. ದೊಡ್ಡ ಆಳು, ದೊಡ್ಡ ಗಡ್ಡ, ಬಂದವರನ್ನೆಲ್ಲ ತಾವೇ ಮಾತಾಡಿಸೋರು. ಬೇಕರಿಗೆ ಇವತ್ತಿಗೂ ಅವರ ಹೆಸರೇ ಇದೆ.

ಆದ್ರೆ ಅವರ ನಂತರ ಅದು ಬರೀ ಹೆಸರು ಅನ್ನೋದನ್ನ ನಾನು ಒಪ್ಪಲ್ಲ. ಬೆಳಗ್ಗೆ ಎದ್ದು ಒಲೆ ಹಚ್ಚುವವರು, ಹಿಟ್ಟು ಕಲಸುವವರು ಅಲ್ಲಿನ ಜನ. ಅವರು ಆಗಲೂ ಇದ್ದರು, ಈಗಲೂ ಇದ್ದಾರೆ. ಒಂದು ಸಲ ಯೋಚನೆ ಮಾಡಿ. ಆ ನೆಲದಲ್ಲಿ ಸೇಬು ಬೆಳೆಯಲ್ಲ, ಗೋಧಿ ಬೆಳೆಯಲ್ಲ. ಹಿಟ್ಟು, ಸಕ್ಕರೆ, ಬೆಣ್ಣೆ ಎಲ್ಲ ನೂರಾರು ಕಿ.ಮೀ. ಜಲ್ಲಿ ರಸ್ತೆಯಲ್ಲಿ ಲಾರಿ ಮೇಲೆ ಬರಬೇಕು. ಅಂಥ ಕಡೆ ದಿನಾ ತಾಜಾ ಬ್ರೆಡ್ಡು ಸಿಗ್ತಾ ಇದೆ. ಪ್ರವಾಸಿಗಳಿಗೆ ಮಾತ್ರ ಅಲ್ಲ, ಸುತ್ತಲಿನ ಕುರಿ ಫಾರ್ಮಿನವರು, ರಸ್ತೆ ಕೆಲಸದವರು, ಲಾರಿ ಡ್ರೈವರುಗಳು ಎಲ್ಲ ಅಲ್ಲೇ ಬರೋದು. ನೀವು ಹೋದ ಹೊತ್ತಿಗೆ ಬಸ್ಸು ಬಂದಿತ್ತು ಅನ್ಸುತ್ತೆ. ಮಧ್ಯಾಹ್ನ ಹನ್ನೊಂದರಿಂದ ಎರಡರ ತನಕ ಸೊಸುಸ್‌ವ್ಲೇ ಮುಗಿಸಿ ಬರುವವರು, ಸಮುದ್ರದ ಕಡೆಯಿಂದ ಬರುವವರು ಎಲ್ಲ ಒಟ್ಟಿಗೆ ಸೇರ್ತಾರೆ. ಬೆಳಗ್ಗೆ ಬೇಗ ಹೋಗಿ ನೋಡಿ. ಆಗ ತಟ್ಟೆ ಒಲೆಯಿಂದ ಈಗಷ್ಟೇ ಬಂದಿರುತ್ತೆ, ಮೇಜುಗಳು ಖಾಲಿ ಇರ್ತಾವೆ.

ಪುಳಿಯೋಗರೆ_ಪ್ರಿಯೆ

ನಾವು ಪೂರ್ತಿ ಸಸ್ಯಾಹಾರಿಗಳು, ಅತ್ತೆ ಮೊಟ್ಟೆಯನ್ನೂ ಮುಟ್ಟಲ್ಲ. ಅಲ್ಲಿ ನಮಗೆ ಏನಾದ್ರೂ ಸಿಗುತ್ತಾ?

ದಾರಿಹೋಕ_ಚಳ್ಳಕೆರೆ

ನಮೀಬಿಯಾದಲ್ಲಿ ಮಾಂಸ ಜಾಸ್ತಿ ಮೇಡಂ. ಬೇಕರಿಯಲ್ಲೂ ಮಾಂಸ ತುಂಬಿದ ಪೈಗಳು ಆಪಲ್ ಪೈ ಪಕ್ಕದಲ್ಲೇ ಇರ್ತಾವೆ. ನೋಡೋಕೆ ಪಫ್ ಥರಾನೇ ಇರುತ್ತೆ, ಹಾಗಾಗಿ ಬೆರಳು ತೋರಿಸಿ ಕೇಳಿ, ಕೇಳದೆ ತಗೋಬೇಡಿ. ಚೀಸ್ ಟೋಸ್ಟ್, ಚಿಪ್ಸ್, ಬ್ರೆಡ್ಡು, ಕಾಫಿ ಸಿಗುತ್ತೆ. ಆಪಲ್ ಪೈಗೆ ಮೊಟ್ಟೆ ಹಾಕಿದ್ದಾರಾ ಅಂತ ಅವತ್ತು ಕೌಂಟರಿನಲ್ಲೇ ಕೇಳೋದು ಒಳ್ಳೇದು. ಅಲ್ಲಿ ಇಂಗ್ಲಿಷ್ ನಡೆಯುತ್ತೆ, ಅದೇ ಅವರ ಆಡಳಿತ ಭಾಷೆ.

ಅತ್ತೆಯವರಿಗೆ ರಾಜಧಾನಿ ವಿಂಡ್‌ಹುಕ್‌ನಲ್ಲೇ ಸಾಮಾನು ತಗೊಂಡು ಹೊರಡಿ. ಅಲ್ಲಿ ದೊಡ್ಡ ಸೂಪರ್ ಮಾರ್ಕೆಟ್ ಇವೆ. ಅಕ್ಕಿ, ಮೊಸರು, ಹಣ್ಣು, ತರಕಾರಿ ಎಲ್ಲ ಸಿಗುತ್ತೆ. ಊರಿಂದ ಚಟ್ನಿಪುಡಿ, ಅವಲಕ್ಕಿ, ಪುಳಿಯೋಗರೆ ಗೊಜ್ಜು ಇದ್ದರೆ ಸಾಕು. ಬಾಡಿಗೆಯ ದೊಡ್ಡ ಗಾಡಿಗಳಲ್ಲಿ ಗ್ಯಾಸ್ ಒಲೆ, ಸಣ್ಣ ಫ್ರಿಜ್ ಎರಡೂ ಕೊಡ್ತಾರೆ, ಮೊದಲೇ ಕೇಳಬೇಕು.

ಬಯಲುಸೀಮೆ_ಬೈಕರ್

ಮರಳುಗಾಡಿನ ಚಿಕ್ಕ ಹೋಟೆಲ್ ನೋಡೋಕೆ ಅಷ್ಟು ದೂರ ಯಾಕಣ್ಣ? ಜೈಸಲ್ಮೇರ್ ಹತ್ತಿರ ಖೂರಿ ಇದೆ. ಅಲ್ಲೇ ಹತ್ತಿರದ ಸಮ್ ಮರಳುದಿಬ್ಬಗಳಷ್ಟು ಗದ್ದಲ ಇಲ್ಲ. ಮಣ್ಣಿನ ಮನೆ, ಬಾಜ್ರಾ ರೊಟ್ಟಿ, ಕೇರ್ ಸಾಂಗ್ರಿ ಪಲ್ಯ, ಒಂಟೆ. ಹತ್ತರಲ್ಲಿ ಒಂದು ಪಾಲು ಖರ್ಚಿನಲ್ಲಿ ಆಗುತ್ತೆ.

ದಾರಿಹೋಕ_ಚಳ್ಳಕೆರೆ

ಖೂರಿಗೆ ಖಂಡಿತ ಹೋಗಬೇಕು ತಮ್ಮಾ. ನನಗೂ ಇಷ್ಟದ ಊರು. ಆದ್ರೆ ಎರಡೂ ಬೇರೆ ಅನುಭವ. ಥಾರ್ ಜಗತ್ತಿನಲ್ಲೇ ಅತಿ ಹೆಚ್ಚು ಜನ ಇರುವ ಮರುಭೂಮಿಗಳಲ್ಲಿ ಒಂದು. ಎಲ್ಲಿ ಹೋದ್ರೂ ಊರು, ಕುರಿ, ಬಾವಿ, ಚಹಾ. ಸ್ವಲ್ಪ ದೂರ ಹೋದ್ರೆ ಯಾರಾದ್ರೂ ಕಟ್ಟೆ ಮೇಲೆ ಕೂತಿರ್ತಾರೆ.

ನಮೀಬಿಯಾ ಹಾಗಲ್ಲ. ಕರ್ನಾಟಕದ ನಾಲ್ಕು ಪಟ್ಟಿಗಿಂತ ದೊಡ್ಡ ದೇಶ, ಸುಮಾರು 8.25 ಲಕ್ಷ ಚದರ ಕಿ.ಮೀ. 2023ರ ಜನಗಣತಿ ಪ್ರಕಾರ ಜನ ಸುಮಾರು 30 ಲಕ್ಷ. ಕರ್ನಾಟಕದಲ್ಲಿ 2011ರಲ್ಲೇ 6 ಕೋಟಿ ದಾಟಿತ್ತು. ಆ ರಸ್ತೆಯಲ್ಲಿ ಒಂದು ಗಂಟೆ ಗಾಡಿ ಓಡಿಸಿದ್ರೂ ಎದುರಿಗೆ ಒಂದು ವಾಹನ ಬರದೇ ಇರಬಹುದು. ಬಂದರೆ ಇಬ್ಬರೂ ಕೈ ಎತ್ತಿ ನಮಸ್ಕಾರ ಮಾಡೋದು ಅಲ್ಲಿ ರೂಢಿ. ಅಷ್ಟು ಹೊತ್ತು ಮನುಷ್ಯರನ್ನೇ ನೋಡದೆ ಬಂದು, ಸಾಲಿಟೇರಿನ ಮೇಜಿನಲ್ಲಿ ಕೂತಾಗ ಪಕ್ಕದವರನ್ನು ತಾನಾಗೇ ಮಾತಾಡಿಸ್ತೀವಿ. ಯಾವ ಕಡೆಯಿಂದ ಬಂದ್ರಿ, ರಸ್ತೆ ಹೇಗಿದೆ, ಟೈರ್ ಹೋಯ್ತಾ. ಇದಕ್ಕೇ ನಾನು ಒಂದೂವರೆ ಗಂಟೆ ಇಡಿ ಅಂದಿದ್ದು. ಮುಂದಿನ ದಾರಿಯ ಸುದ್ದಿ ನಿಮಗೆ ಫೋನಿನಲ್ಲಿ ಸಿಗಲ್ಲ. ಆ ಮೇಜಿನಲ್ಲಿ ಸಿಗುತ್ತೆ.

ನಿವೃತ್ತ_ಮೇಷ್ಟ್ರು

ತುಂಬ ಚೆನ್ನಾಗಿ ಬರೆದಿದ್ದೀರಿ. ಒಂದು ಪ್ರಶ್ನೆ. ಸಮುದ್ರದ ಪಕ್ಕದಲ್ಲೇ ಮರುಭೂಮಿ ಹೇಗೆ? ಮತ್ತೆ ಇಂಥ ಕಡೆ ಊರು ಕಟ್ಟುವ ಯೋಚನೆ ಯಾರಿಗೆ ಬಂತು?

ದಾರಿಹೋಕ_ಚಳ್ಳಕೆರೆ

ಮೇಷ್ಟ್ರೇ, ಆ ಕರಾವಳಿಯಲ್ಲಿ ಬೆಂಗ್ವೆಲಾ ಅನ್ನೋ ತಣ್ಣನೆಯ ಪ್ರವಾಹ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತೆ. ನೀರು ತಣ್ಣಗಿರೋದ್ರಿಂದ ಮೇಲಿನ ಗಾಳಿಯೂ ತಣ್ಣಗಾಗಿ ಕೆಳಗೇ ಉಳಿಯುತ್ತೆ. ಮೇಲಕ್ಕೆ ಏರಿ ಮಳೆಮೋಡ ಆಗೋದಿಲ್ಲ. ಮಳೆ ಬದಲು ಮಂಜು ಬರುತ್ತೆ, ಬೆಳಗ್ಗೆ ಒಳನಾಡಿಗೂ ನುಗ್ಗುತ್ತೆ. ಅಲ್ಲಿನ ಒಂದು ಜಾತಿಯ ಜೀರುಂಡೆ ದಿಬ್ಬದ ಮೇಲೆ ತಲೆ ಕೆಳಗೆ ಮಾಡಿ ನಿಂತು, ಬೆನ್ನಿನ ಮೇಲೆ ಕೂತ ಮಂಜಿನ ಹನಿ ಬಾಯಿಗೆ ಇಳಿಯುವ ಹಾಗೆ ಮಾಡಿಕೊಳ್ಳುತ್ತೆ. ನಮೀಬ್ ಜಗತ್ತಿನ ಅತಿ ಹಳೆಯ ಮರುಭೂಮಿಗಳಲ್ಲಿ ಒಂದು. ಅದರ ಮರಳು ಸಮುದ್ರವನ್ನು ಯುನೆಸ್ಕೋ 2013ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಊರಿನ ಕಥೆ ಕುರಿಯಿಂದ ಶುರು. 1948ರಲ್ಲಿ ವಿಲೆಮ್ ಕ್ರಿಸ್ಟೋಫೆಲ್ ವಾನ್ ಕಾಲರ್ ಅನ್ನುವವರು 33,000 ಹೆಕ್ಟೇರ್ ಜಮೀನು ಹಿಡಿದು ಕರಾಕುಲ್ ಕುರಿ ಸಾಕೋಕೆ ಬಂದರು. ಜಾಗಕ್ಕೆ ಹೆಸರಿಟ್ಟವರು ಅವರ ಹೆಂಡತಿ ಎಲ್ಸಿ. ಮೇವು ಅಷ್ಟು ಕಮ್ಮಿ ಇರುವ ಕಡೆ ಕುರಿ ಸಾಕೋಕೆ ಅಷ್ಟು ಜಮೀನು ಬೇಕೇ ಬೇಕು. ನಾನು ಚಳ್ಳಕೆರೆಯವನು. ಕುರಿ, ಕಂಬಳಿ ನೋಡಿಕೊಂಡೇ ಬೆಳೆದವನು. ನಮ್ಮಲ್ಲಿ ಉಣ್ಣೆ ಕತ್ತರಿಸಿ ಕಂಬಳಿ ನೇಯ್ತಾರೆ, ಕುರಿ ಬದುಕುತ್ತೆ. ಕರಾಕುಲ್ ವ್ಯಾಪಾರ ಬೇರೆ. ಹುಟ್ಟಿದ ಒಂದೆರಡು ದಿನದ ಮರಿಯ ಸುರುಳಿ ಕೂದಲಿನ ಚರ್ಮಕ್ಕೆ ಯುರೋಪಿನ ಕೋಟು ಮಾರುಕಟ್ಟೆಯಲ್ಲಿ ಬೆಲೆ. ಅದು ತಿಳಿದಾಗ ನನಗೆ ಸಂಕಟ ಆಯ್ತು. ಮುಂದೆ ಆ ಬೇಡಿಕೆ ಬಿದ್ದುಹೋಯ್ತು. ಕುರಿಗಿಂತ ರಸ್ತೆಯನ್ನು ನಂಬಿದ ಅಂಗಡಿ ಉಳಿದುಕೊಂಡಿತು.

ಬೇಕರಿ ಹತ್ತಿರ ಒಂದು ಬೋರ್ಡ್ ಇದೆ, ಆಯಾ ವರ್ಷ ಎಷ್ಟು ಮಿಲಿಮೀಟರ್ ಮಳೆ ಬಂತು ಅಂತ ಬರೆದಿಟ್ಟಿರ್ತಾರೆ. ತುಂಬ ಜನ ಅದರ ಮುಂದೆ ಸುಮ್ನೆ ಹಾದು ಹೋಗ್ತಾರೆ. ಮಳೆ ಲೆಕ್ಕ ಮಾಡಿ ಬದುಕುವ ಊರಿಂದ ಬಂದ ನನಗೆ ಅಲ್ಲಿಂದ ಕಾಲು ಕೀಳೋಕೆ ಆಗಲಿಲ್ಲ.

ವಿಂಡ್‌ಹುಕ್_ವೈನಿ

ನಮಸ್ಕಾರ ಎಲ್ಲರಿಗೂ. ನಾನು ಹುಬ್ಬಳ್ಳಿಯಾಕಿ, ಸಂಸಾರ ಸಮೇತ ವಿಂಡ್‌ಹುಕ್‌ನಾಗ ಇದ್ದೀನಿ. ಈ ಚರ್ಚೆ ನೋಡಿ ಭಾಳ ಖುಷಿ ಆತು. ಗಾಡಿ ಓಡಿಸೋದರ ಬಗ್ಗೆ ಸ್ವಲ್ಪ ಹೇಳಬೇಕು ಅನ್ನಿಸ್ತು, ಯಾಕಂದ್ರೆ ಇಲ್ಲಿ ಪ್ರವಾಸಿಗಳಿಗೆ ಆಗುವ ಅಪಘಾತ ಬಹಳಷ್ಟು ಒಂಟಿ ಗಾಡಿ ಪಲ್ಟಿ ಹೊಡೆಯೋದು.

ರಸ್ತೆ ಎಡಗಡೆ, ನಮ್ಮ ಹಾಗೇ. ಅದಕ್ಕೇ ನಮ್ಮವರಿಗೆ ಧೈರ್ಯ ಜಾಸ್ತಿ ಬಂದುಬಿಡುತ್ತೆ. ಜಲ್ಲಿ ರಸ್ತೆ ನೇರವಾಗಿ, ಅಗಲವಾಗಿ ಇರುತ್ತೆ. ನೋಡಿದ್ರೆ 120ರಲ್ಲಿ ಹೋಗಬಹುದು ಅನ್ನಿಸುತ್ತೆ. ಹೋಗಬ್ಯಾಡ್ರಿ. 80 ದಾಟಬ್ಯಾಡ್ರಿ. ಸಣ್ಣ ಕಲ್ಲಿನ ಮೇಲೆ ಟೈರಿಗೆ ಹಿಡಿತ ಇರೋದಿಲ್ಲ. ತಿರುವಿನಲ್ಲಿ ಜೋರಾಗಿ ಬ್ರೇಕ್ ಒತ್ತಿದ್ರೆ ಗಾಡಿ ಪಕ್ಕಕ್ಕೆ ಜಾರುತ್ತೆ. ಎದುರಿಂದ ಗಾಡಿ ಬಂದ್ರೆ ಅದರ ಧೂಳಿನಲ್ಲಿ ಏನೂ ಕಾಣಲ್ಲ, ವೇಗ ಇಳಿಸಿ ಎಡಕ್ಕೆ ಸರೀರಿ. ಹಗಲಲ್ಲೂ ಲೈಟ್ ಹಾಕಿರಿ.

ಟಾರ್ ರಸ್ತೆ ಬಿಡುವಾಗ ಟೈರಿನ ಗಾಳಿ ಸ್ವಲ್ಪ ಇಳಿಸಬೇಕು. ಎಷ್ಟು ಅಂತ ಗಾಡಿ ಕೊಡುವವರನ್ನೇ ಕೇಳ್ರಿ, ಟೈರು ಮತ್ತು ಹೊರೆ ಮೇಲೆ ಬದಲಾಗುತ್ತೆ. ಎರಡು ಸ್ಟೆಪ್ನಿ ಇರುವ ಗಾಡಿ ತಗೊಳ್ರಿ. ಜಾಕ್ ಎಲ್ಲಿದೆ, ಸ್ಟೆಪ್ನಿ ಹೇಗೆ ಬಿಚ್ಚೋದು ಅಂತ ಅವರ ಆಫೀಸಿನ ಅಂಗಳದಲ್ಲೇ ಮಾಡಿ ನೋಡ್ರಿ. ಸೂರ್ಯ ಮುಳುಗಿದ ಮೇಲೆ ಓಡಿಸಬ್ಯಾಡ್ರಿ. ಓರಿಕ್ಸ್, ಕುಡು ಜಿಂಕೆಗಳು ರಸ್ತೆಗೆ ಬರ್ತಾವೆ. ಕತ್ತಲಲ್ಲಿ ಓಡಿಸಿದ್ರೆ ಇನ್ಶೂರೆನ್ಸ್ ಕೊಡೋದಿಲ್ಲ ಅನ್ನುವ ಷರತ್ತು ಬಹಳ ಕಂಪನಿಗಳದ್ದು ಇದೆ.

ವಿಂಡ್‌ಹುಕ್ ಕಡೆಯಿಂದ ಸಾಲಿಟೇರಿಗೆ ಇಳಿಯೋಕೆ ಸ್ಪ್ರೀಟ್ಸ್‌ಹೂಖ್ಟೆ ಅನ್ನುವ ಘಾಟ್ ಇದೆ. ಮೇಲಿಂದ ನೋಡಿದ್ರೆ ಇಡೀ ನಮೀಬ್ ಬಯಲು ಕಾಲ ಕೆಳಗೆ ಕಾಣುತ್ತೆ. ಆದ್ರೆ ಬಹಳ ಕಡಿದು. ಘಾಟ್ ರಸ್ತೆ ಅಭ್ಯಾಸ ಇಲ್ಲದವರು ಬೇರೆ ದಾರಿ ಹಿಡೀರಿ.

ದಾರಿಹೋಕ_ಚಳ್ಳಕೆರೆ

ವೈನಿ, ನೀವು ಬಂದಿದ್ದು ತುಂಬ ಸಂತೋಷ. ಈ ಬರಹವನ್ನು ಎಲ್ಲರೂ ಉಳಿಸಿಟ್ಟುಕೊಳ್ಳಿ. ಟೈರಿನ ಬಗ್ಗೆ ನನ್ನದೊಂದು ಸೇರಿಸ್ತೀನಿ. ಸಾಲಿಟೇರಿನಲ್ಲಿ ಪೈ ತಿನ್ನೋಕೆ ಮುಂಚೆ ಗಾಡಿಯನ್ನು ಪಂಕ್ಚರ್ ಹಾಕುವವರ ಹತ್ತಿರ ಒಮ್ಮೆ ತೋರಿಸಿ. ನಾನು ಹೋದಾಗ ಅಲ್ಲಿನ ಹಿರಿಯರೊಬ್ಬರು ಟೈರಿನ ಒಳಮಗ್ಗುಲಿಗೆ ಅಂಗೈ ಹಾಕಿ ನಿಧಾನಕ್ಕೆ ಸುತ್ತ ಸವರಿದರು. ಒಂದು ಕಡೆ ಕೈ ನಿಂತಿತು. ನನ್ನ ಕೈ ಹಿಡಿದು ಅಲ್ಲೇ ಇಟ್ಟರು. ಕಣ್ಣಿಗೆ ಕಾಣದ ಸಣ್ಣ ಸೀಳು, ಒಳಗೆ ಮೊನಚು ಕಲ್ಲು. ಹೊರಗಿಂದ ನೋಡಿದ್ರೆ ಟೈರು ಹೊಸದರ ಹಾಗಿತ್ತು. ಹಾಗೇ ಹೊರಟಿದ್ದರೆ ಕುಯ್ಸೆಬ್ ಕಣಿವೆಯ ಹತ್ತಿರ ಸಿಗ್ನಲ್ ಇಲ್ಲದ ಕಡೆ ಒಡೆಯೋದು ಅದು. ಪೈ ನಿಮಗೆ ಇಷ್ಟ ಆಗಬಹುದು, ಆಗದೇ ಇರಬಹುದು. ಆ ಮನುಷ್ಯನ ಕೆಲಸಕ್ಕೆ ಮಾತ್ರ ಯಾರೂ ಎರಡು ಮಾತು ಆಡೋಕಾಗಲ್ಲ.

ಕ್ಯಾಮೆರಾ_ಕಣ್ಣು

ಇದನ್ನ ಓದಿದ ಮೇಲೆ ಸ್ವಲ್ಪ ಮನಸ್ಸು ಬದಲಾಯ್ತು ಸರ್. ಪೈ ಬಗ್ಗೆ ನನ್ನ ಮಾತು ಹಾಗೇ ಇರಲಿ. ಆದ್ರೆ ಆ ಜಾಗ ರಸ್ತೆಯವರಿಗಾಗಿ ಇರೋದು, ಪೈಗಾಗಿ ಅಲ್ಲ ಅನ್ನೋದು ಸರಿ ಅನ್ನಿಸ್ತು. ಒಂದು ವಿನಂತಿ ನನ್ನ ಕಡೆಯಿಂದ: ಆ ಹಳೇ ಕಾರುಗಳ ಮೇಲೆ ಹತ್ತಬೇಡಿ. ತಗಡು ಪುಡಿಪುಡಿ ಆಗಿದೆ, ಅಂಚು ಬ್ಲೇಡಿನ ಹಾಗಿದೆ. ಬಾನೆಟ್ ಮೇಲೆ ಕೂತು ಫೋಟೋ ತೆಗೆಸಿಕೊಳ್ಳುವವರನ್ನು ಕಣ್ಣಾರೆ ನೋಡಿದ್ದೀನಿ. ಇನ್ನು ಸ್ವಲ್ಪ ಉತ್ತರಕ್ಕೆ ಹೋದ್ರೆ ಸಿ14ರಲ್ಲಿ ಮಕರ ಸಂಕ್ರಾಂತಿ ವೃತ್ತದ ಫಲಕ ಸಿಗುತ್ತೆ. ಬಂದವರೆಲ್ಲ ಸ್ಟಿಕ್ಕರ್ ಅಂಟಿಸಿ ಅಂಟಿಸಿ ಅಕ್ಷರವೇ ಕಾಣದ ಹಾಗೆ ಮಾಡಿದ್ದಾರೆ. ನಮ್ಮವರಾದ್ರೂ ಅದನ್ನ ಮಾಡದೇ ಇರೋಣ.

ಪುಳಿಯೋಗರೆ_ಪ್ರಿಯೆ

ದುಡ್ಡಿನ ವಿಷಯ ಹೇಳಿ. ಕಾರ್ಡ್ ನಡೆಯುತ್ತಾ? ಯಾವ ತಿಂಗಳು ಒಳ್ಳೇದು? ಅತ್ತೆಗೆ ಮಂಡಿನೋವು ಇದೆ, ದಿಬ್ಬ ಹತ್ತೋಕೆ ಆಗಲ್ಲ. ಅವರಿಗೆ ಬೇಜಾರಾಗಬಾರದು.

ವಿಂಡ್‌ಹುಕ್_ವೈನಿ

ಕಾರ್ಡ್ ಬಹಳ ಕಡೆ ನಡೆಯುತ್ತೆ, ಆದ್ರೆ ಒಳನಾಡಿನಾಗ ನೆಟ್‌ವರ್ಕ್ ಹೋದ್ರೆ ಮಷಿನ್ನೂ ಹೋಗುತ್ತೆ. ಪೆಟ್ರೋಲಿಗೆ ಆಗುವಷ್ಟು ನಗದು ಯಾವಾಗ್ಲೂ ಇರಲಿ. ನಮೀಬಿಯಾ ಡಾಲರ್ ಮತ್ತೆ ದಕ್ಷಿಣ ಆಫ್ರಿಕಾದ ರ‍್ಯಾಂಡ್ ಎರಡಕ್ಕೂ ಒಂದೇ ಬೆಲೆ. ರ‍್ಯಾಂಡ್ ಇಲ್ಲಿ ನಡೆಯುತ್ತೆ, ನಮ್ಮ ಡಾಲರ್ ಅಲ್ಲಿ ನಡೆಯೋದಿಲ್ಲ. ಹಾಗಾಗಿ ವಾಪಸ್ ಹೋಗುವಾಗ ಉಳಿದದ್ದನ್ನ ಇಲ್ಲೇ ಖರ್ಚು ಮಾಡ್ರಿ.

ಮೇ ತಿಂಗಳಿಂದ ಸೆಪ್ಟೆಂಬರ್ ಒಳ್ಳೇದು. ಜೂನ್, ಜುಲೈನಾಗ ರಾತ್ರಿ ಕೊರೆಯುವ ಚಳಿ, ಸ್ವೆಟರ್, ಟೋಪಿ ಬೇಕು. ಡಿಸೆಂಬರ್, ಜನವರಿಯಲ್ಲಿ ಮಧ್ಯಾಹ್ನದ ಬಿಸಿಲು ವಯಸ್ಸಾದವರಿಗೆ ಕಷ್ಟ. ಬೆಂಗಳೂರಿಂದ ನೇರ ವಿಮಾನ ಇಲ್ಲ. ಅಡಿಸ್ ಅಬಾಬಾ ಅಥವಾ ಜೋಹಾನ್ಸ್‌ಬರ್ಗ್ ಮೇಲೆ ಬರಬೇಕು. ವೀಸಾ ನಿಯಮ ಆಗಾಗ ಬದಲಾಗ್ತಾವೆ, ಟಿಕೆಟ್ ತೆಗೆಯೋಕೆ ಮುಂಚೆ ಅಧಿಕೃತ ಪುಟದಲ್ಲೇ ನೋಡಿಕೊಳ್ರಿ.

ದಾರಿಹೋಕ_ಚಳ್ಳಕೆರೆ

ಅತ್ತೆಯವರ ಬಗ್ಗೆ ಚಿಂತೆ ಬೇಡ. ಸೆಸ್ರೀಮ್ ಗೇಟಿನಿಂದ ಸುಮಾರು 60 ಕಿ.ಮೀ. ಟಾರ್ ರಸ್ತೆ, ಎರಡೂ ಕಡೆ ದಿಬ್ಬ. ಗಾಡಿಯಲ್ಲಿ ಕೂತೇ ನೋಡಬಹುದು. ಕೊನೆಯ ಐದು ಕಿ.ಮೀ. ಮಾತ್ರ ಪೂರ್ತಿ ಮರಳು. ಅಲ್ಲಿ ನಾಲ್ಕೂ ಚಕ್ರಕ್ಕೆ ಶಕ್ತಿ ಇರುವ ಗಾಡಿಯೇ ಆಗಬೇಕು, ಇಲ್ಲದಿದ್ರೆ ಅಲ್ಲಿನವರದೇ ಜೀಪ್ ಸಿಗುತ್ತೆ. ಒಣಮರಗಳು ನಿಂತಿರುವ ಡೆಡ್‌ವ್ಲೇಗೆ ಮಾತ್ರ ಅದರಾಚೆ ಮರಳಿನಲ್ಲಿ ನಡೆಯಲೇಬೇಕು. ಅದು ಅವರಿಗೆ ಕಷ್ಟ. ಅವರು ಪಾರ್ಕಿಂಗ್ ಹತ್ತಿರದ ಮರದ ನೆರಳಲ್ಲಿ ಕೂರಲಿ, ಜೊತೆಗೆ ಒಬ್ಬರು ಇರಲಿ.

ಅವರಿಗೆ ಇಡೀ ಪ್ರವಾಸದಲ್ಲಿ ಹೆಚ್ಚು ಇಷ್ಟ ಆಗೋದು ಸಾಲಿಟೇರೇ ಇರಬಹುದು. ಬಾಗಿಲ ತನಕ ಗಾಡಿ ಹೋಗುತ್ತೆ, ಮೆಟ್ಟಿಲ ತಾಪತ್ರಯ ಕಮ್ಮಿ, ನೆರಳಿದೆ, ಟಾಯ್ಲೆಟ್ಟಿದೆ, ನೋಡೋಕೆ ಅಳಿಲು, ಹಕ್ಕಿ ಇವೆ. ಸಾಧ್ಯ ಆದ್ರೆ ಅಲ್ಲಿನ ಲಾಡ್ಜಿನಲ್ಲೇ ಒಂದು ರಾತ್ರಿ ಇರಿ. ಬಸ್ಸುಗಳು ಹೋದ ಮೇಲೆ ಊರೇ ಬೇರೆ ಆಗುತ್ತೆ. ಮಾರನೇ ದಿನ ಒಲೆಯ ಮೊದಲ ತಟ್ಟೆ ಹೊರಗೆ ಬರುವ ಹೊತ್ತಿಗೆ ನೀವೇ ಮೊದಲ ಗಿರಾಕಿ.

ಬಯಲುಸೀಮೆ_ಬೈಕರ್

ಅಣ್ಣ, ಖೂರಿ ಅಂದವನೇ ಈಗ ಕೇಳ್ತಿದ್ದೀನಿ. ಬೈಕಿನಲ್ಲಿ ಆ ರಸ್ತೆ ಆಗುತ್ತಾ? ಒಬ್ಬನೇ ಹೋಗುವ ಯೋಚನೆ.

ವಿಂಡ್‌ಹುಕ್_ವೈನಿ

ಬೈಕಿನವರು ಬರ್ತಾರೆ. ಆದ್ರೆ ಒಬ್ಬನೇ ಬ್ಯಾಡ ತಮ್ಮಾ. ಸಿ14ರಲ್ಲಿ ಗೌಬ್, ಕುಯ್ಸೆಬ್ ಎರಡು ಘಾಟ್ ಇವೆ. ರಸ್ತೆ ಅಲೆಅಲೆಯಾಗಿ ಎದ್ದಿರುತ್ತೆ, ಕೆಲವು ಕಡೆ ಒಮ್ಮೆಲೇ ಮೆತ್ತನೆ ಮರಳು ಬರುತ್ತೆ. ಬಿದ್ದು ಕಾಲು ಸಿಕ್ಕಿಕೊಂಡ್ರೆ ಎತ್ತೋಕೆ ಯಾರೂ ಇರೋದಿಲ್ಲ. ಕಮ್ಮಿ ಅಂದ್ರೂ ಇಬ್ಬರು ಬರ್ರಿ, ಒಬ್ಬೊಬ್ಬರಿಗೆ ಐದು ಲೀಟರ್ ನೀರು ಇಟ್ಟುಕೊಳ್ರಿ.

ದಾರಿಹೋಕ_ಚಳ್ಳಕೆರೆ

ಬೈಕಿನ ಟ್ಯಾಂಕ್ ಲೆಕ್ಕವನ್ನೂ ಹಾಕು. ಸಾಲಿಟೇರಿನಲ್ಲಿ ತುಂಬಿಸಿದ ಪೆಟ್ರೋಲು ವಾಲ್ವಿಸ್ ಬೇ ತನಕ ಬರಬೇಕು. ಜಲ್ಲಿಯಲ್ಲಿ ಮೈಲೇಜ್ ಊರಿನಷ್ಟು ಬರಲ್ಲ, ಎದುರುಗಾಳಿ ಇದ್ರೆ ಇನ್ನೂ ಕಮ್ಮಿ. 300 ಕಿ.ಮೀ. ಓಡುವ ಟ್ಯಾಂಕ್ ಇಲ್ಲದಿದ್ರೆ ಹೆಚ್ಚುವರಿ ಕ್ಯಾನ್ ಬೇಕೇ ಬೇಕು. ಯಾವ ಬೈಕ್ ತಗೋತೀಯ ಅಂತ ಬರಿ, ಲೆಕ್ಕ ಹಾಕಿ ಹೇಳ್ತೀನಿ.